ಮೂರಡಿ ಎತ್ತರದ ಬೆಂಗಳೂರು

ಮದುವೆಯ ಮನೆಯಲ್ಲಿ ಪಂಕ್ತಿಯ ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಕೈಯಿಂದ ಕೈಗೆ ಸಾಗುತ್ತಿರುವ ಹೊತ್ತಿನಲ್ಲಿ ಬಂಧುಗಳ ನಡುವೆ ಒಂದು ಪ್ರಶ್ನೆ ಹುಟ್ಟುವುದುಂಟು. ಹಿಂದೆಲ್ಲ, "ಮನೆ ಸ್ವಂತದ್ದೋ, ಬಾಡಿಗೆಯದೋ?" ಎಂದು ಕೇಳುತ್ತಿದ್ದರು. ಈಗ, "ಹೇಗೆ ಬಂದಿರಿ?" ಎನ್ನುತ್ತಾರೆ. "ಬಸ್ಸಿನಲ್ಲಿ" ಎಂದು ನಾನು ಉತ್ತರ ಕೊಟ್ಟೊಡನೆ ಕೇಳಿದವರ ದೃಷ್ಟಿ ನನ್ನ ಮುಖದಿಂದ ಕೆಳಗಿಳಿದು, ಸೆರಗು ಹಿಡಿದು ನಿಂತಿರುವ ಮಕ್ಕಳ ಮೇಲೆ ನಿಲ್ಲುತ್ತದೆ. "ಅಯ್ಯೋ ಪಾಪ, ಇಷ್ಟು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು..." ಎಂದು ಮಾತನ್ನು ಅರ್ಧಕ್ಕೇ ಬಿಡುತ್ತಾರೆ.

ಆ ಅರ್ಧ ಮಾತಿಗೆ ಉತ್ತರ ಹೇಳಬೇಕಾದ ಭಾರ ಏಳು ವರ್ಷಗಳಿಂದ ನನ್ನ ಮೇಲಿದೆ. ನಮಗೆ ಇಬ್ಬರು ಮಕ್ಕಳು. ಪುಟ್ಟನಿಗೆ ಏಳು ವರ್ಷ, ಪುಟ್ಟಿಗೆ ಮೂರೂವರೆ. ವಾಸ ಮಲ್ಲೇಶ್ವರದಲ್ಲಿ. ಕಾರು ಇಲ್ಲ. ಕಾರಿಲ್ಲದ ಬಾಳನ್ನು ನಾವೇನೂ ವ್ರತವೆಂದು ಹಿಡಿದವರಲ್ಲ. ಮೊದಲು ಕೊಳ್ಳಲು ಹಣವಿರಲಿಲ್ಲ. ಅಷ್ಟಿಷ್ಟು ಹಣ ಕೂಡುವ ಹೊತ್ತಿಗೆ ನಿಲ್ಲಿಸಲು ಜಾಗವಿರಲಿಲ್ಲ. ಜಾಗ ಹುಡುಕುವಷ್ಟರಲ್ಲಿ ಮಕ್ಕಳಿಗೆ ಬಸ್ಸು, ರೈಲು, ಕಾಲುನಡಿಗೆ ಅಭ್ಯಾಸವಾಗಿಬಿಟ್ಟಿದ್ದವು. ನಮ್ಮ ಯಜಮಾನರು ಕಚೇರಿಗೆ ಹೋಗುವ ಒಂದು ಸ್ಕೂಟರು ಮನೆಯಲ್ಲಿದೆ. ಮುಂದೊಂದು, ನಡುವೊಂದು ಮಗುವನ್ನು ಇಟ್ಟುಕೊಂಡು ನಾಲ್ವರೂ ಅದರ ಮೇಲೇರಿ ಹೋಗುವ ಸಂಸಾರಗಳನ್ನು ನೀವೂ ಕಂಡಿರಬಹುದು. ನಮಗೆ ಅದಕ್ಕೆ ಧೈರ್ಯ ಬರಲಿಲ್ಲ. 2023ರ ಫೆಬ್ರವರಿಯಿಂದಂತೂ, ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವನ್ನು ಕೂರಿಸಿಕೊಂಡರೆ ಮಗುವಿನ ತಲೆಗೆ ಹೆಲ್ಮೆಟ್ಟು, ಮೈಗೆ ಸವಾರನೊಡನೆ ಬಿಗಿಯುವ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮವೇ ಜಾರಿಯಲ್ಲಿದೆ.

ಹೀಗೆ ನಡೆದು, ಕಾದು, ಹತ್ತಿ, ಇಳಿದು ಕಳೆದ ಏಳು ವರ್ಷಗಳಲ್ಲಿ ನಾನು ಕಂಡ ಬೆಂಗಳೂರು ನಾನು ಹುಟ್ಟಿ ಬೆಳೆದ ಬೆಂಗಳೂರಿಗಿಂತ ಬೇರೆ. ಅದನ್ನು ನೋಡಬೇಕಾದರೆ ಮೂರಡಿ ಎತ್ತರಕ್ಕೆ ಬಗ್ಗಬೇಕು. ಒಂದು ಭಾನುವಾರದ ಮಟ್ಟಿಗೆ ಓದುಗರು ನಮ್ಮೊಡನೆ ಹೊರಟುಬಂದರೆ ತೋರಿಸಬಲ್ಲೆ.

ಲೆಕ್ಕ ಕಲಿಸುವ ಬೀದಿ

ಬೆಳಗಿನ ಒಂಬತ್ತು ಗಂಟೆ. ನನ್ನ ಚೀಲದಲ್ಲಿ ನೀರಿನ ಶೀಸೆ, ಒಂದು ಟವೆಲು, ಪುಟ್ಟಿಗೆ ಬದಲಿ ಬಟ್ಟೆ, ಹುರಿಗಡಲೆ, ಬೆಲ್ಲದ ಚೂರು. ಎರಡು ಮಕ್ಕಳಿರುವವಳಿಗೆ ಎರಡು ಕೈಯೂ ಖಾಲಿಯಾಗಿರಬೇಕು. ಆದ್ದರಿಂದ ಚೀಲ ಯಾವಾಗಲೂ ಬೆನ್ನಿನ ಮೇಲೆ. ಇದು ನಾನು ಪೆಟ್ಟು ತಿಂದು ಕಲಿತ ಮೊದಲನೆಯ ಪಾಠ.

ಮಲ್ಲೇಶ್ವರ 1890ರ ದಶಕದಲ್ಲಿ ರೂಪುಗೊಂಡ ಬಡಾವಣೆ. 1898ರ ಪ್ಲೇಗು ಹಳೆಯ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಕ್ಕಟ್ಟಿದಾಗ, ಗಾಳಿ ಬೆಳಕು ಬಯಸಿ ಬಂದವರು ಇಲ್ಲಿಯೂ ಬಸವನಗುಡಿಯಲ್ಲಿಯೂ ನೆಲಸಿದರು. ಕಾರಿನ ಯೋಚನೆಯಿಲ್ಲದ ಕಾಲದಲ್ಲಿ ಗೆರೆ ಎಳೆದ ಊರಾದ್ದರಿಂದ ಇದರ ಅಳತೆಯೆಲ್ಲ ಕಾಲಿನ ಅಳತೆಯೇ. ಉದ್ದಕ್ಕೆ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ. ಅವುಗಳನ್ನು ಕತ್ತರಿಸುತ್ತ ಹೋಗುವ ಅಡ್ಡರಸ್ತೆಗಳಿಗೆ ಹೆಸರಿಲ್ಲ, ಬರಿಯ ಸಂಖ್ಯೆ. ಹದಿನೈದನೆಯ ಕ್ರಾಸು, ಹದಿನೆಂಟನೆಯ ಕ್ರಾಸು ಎಂದರೆ ಬೆಂಗಳೂರಿನಲ್ಲಿ ಯಾರಿಗಾದರೂ ತಿಳಿದೀತು.

ಈ ಸಂಖ್ಯೆಗಳೇ ನಮ್ಮ ಪುಟ್ಟನ ಮೊದಲನೆಯ ಗಣಿತ ಪುಸ್ತಕ. ಮೆಟ್ರೋ ನಿಲ್ದಾಣದ ಕಡೆಗೆ ನಡೆಯುವಾಗ ಕ್ರಾಸುಗಳ ಸಂಖ್ಯೆ ಒಂದೊಂದಾಗಿ ಇಳಿಯುತ್ತದೆ; ಮನೆಗೆ ಮರಳುವಾಗ ಏರುತ್ತದೆ. ಶಾಲೆಯಲ್ಲಿ ಕೂಡುವುದನ್ನೂ ಕಳೆಯುವುದನ್ನೂ ಕಲಿಸುವ ಮೊದಲೇ, "ಹನ್ನೊಂದನೇ ಕ್ರಾಸಿನಿಂದ ಮನೆಗೆ ಇನ್ನೂ ಎರಡೇ, ಅಲ್ಲವೇನಮ್ಮ?" ಎಂದು ಅವನು ಕೇಳಿದ್ದು ನನಗೆ ನೆನಪಿದೆ. ಕಾಲು ನೋಯುತ್ತಿದ್ದ ಮಗುವಿಗೆ ಲೆಕ್ಕ ಬಲುಬೇಗ ಹತ್ತುತ್ತದೆ. ಸಂಪಿಗೆ ರಸ್ತೆಯಲ್ಲಿ ಸಂಪಿಗೆಯ ಮರವೆಲ್ಲಿ ಎಂದು ಕೇಳಿದವನೂ ಅವನೇ. ಒಂದು ಮಧ್ಯಾಹ್ನವೆಲ್ಲ ಹುಡುಕಿದೆವು. ಸಂಪಿಗೆ ಸಿಕ್ಕಿದ್ದು ಹೂವಾಡಗಿತ್ತಿಯ ಬುಟ್ಟಿಯಲ್ಲಿ.

ಮನೆಗಳ ಹಿತ್ತಿಲ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿಗಳಿವೆ. ಒಳಚರಂಡಿ ಬರುವ ಮೊದಲು ಮಲವನ್ನು ಸಾಗಿಸುವ ಗಾಡಿಗಳಿಗಾಗಿ ಬಿಟ್ಟಿದ್ದ ಸಂದಿಗಳಿವು. ಆ ಕೆಲಸ ಹೋದ ಮೇಲೆ ಬಹುಕಾಲ ಕಸದ ಕೊಂಪೆಗಳಾಗಿದ್ದವು. ಈಚೆಗೆ ಊರಿನ ಉತ್ಸಾಹಿಗಳು ಕೆಲವು ಗಲ್ಲಿಗಳನ್ನು ಗುಡಿಸಿ, ಗೋಡೆಗಳಿಗೆ ಬಣ್ಣದ ಚಿತ್ರ ಬರೆದು, ನಡೆಯುವವರಿಗೆ ಬಿಟ್ಟುಕೊಟ್ಟಿದ್ದಾರೆ. ಅಂಥ ಗಲ್ಲಿಗೆ ಹೊಕ್ಕೊಡನೆ ನಾನು ಮಕ್ಕಳ ಕೈ ಬಿಡುತ್ತೇನೆ. ಅವರು ಓಡುತ್ತಾರೆ. ಗಲ್ಲಿ ಮುಗಿಯುವ ಮುನ್ನ ಮತ್ತೆ ಕೈ ಹಿಡಿಯುತ್ತೇನೆ.

ಕೈ ಬಿಡುವುದು, ಕೈ ಹಿಡಿಯುವುದು. ಕಾರಿಲ್ಲದ ತಾಯಿಯ ದಿನವೆಲ್ಲ ಇಷ್ಟೇ ಎಂದರೆ ತಪ್ಪಾಗದು. ಊರಿನಲ್ಲಿ ಎಲ್ಲೆಲ್ಲಿ ಕೈ ಬಿಡಬಹುದು, ಎಲ್ಲೆಲ್ಲಿ ಬಿಡಬಾರದು ಎಂಬ ಒಂದು ನಕ್ಷೆ ನನ್ನ ತಲೆಯಲ್ಲಿದೆ. ಅದರಲ್ಲಿ ಬಿಡಬಹುದಾದ ಜಾಗಗಳು ಬಹಳ ಕಡಮೆ.

ಫುಟ್‌ಪಾತಿನ ಪಾಡು

ದೊಡ್ಡವರು ಫುಟ್‌ಪಾತನ್ನು ಮೇಲಿನಿಂದ ನೋಡುತ್ತಾರೆ. ಮಕ್ಕಳು ಎದುರಿನಿಂದ ನೋಡುತ್ತಾರೆ. ನಮಗೆ ಮೊಣಕಾಲಿಗೆ ಬರುವ ಕಲ್ಲು ಅವರಿಗೆ ಎದೆಗೆ ಬರುತ್ತದೆ. ನಾವು ಸರಕ್ಕನೆ ದಾಟುವ ಸಡಿಲ ಚಪ್ಪಡಿ ಅವರ ಪಾಲಿಗೆ ತೂಗುಸೇತುವೆ. ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆ, ಕಿತ್ತು ಹಾಕಿದ ಜಲ್ಲಿಯ ಗುಪ್ಪೆ, ಸಿಗ್ನಲಿನಲ್ಲಿ ಕಾಯಲಾರದೆ ಮೇಲೇರಿ ಬರುವ ಮೋಟರ್ ಸೈಕಲ್ಲು, ಇವೆಲ್ಲವೂ ಸರಿಯಾಗಿ ಅವರ ಮುಖದ ಮಟ್ಟದಲ್ಲಿಯೇ ಇರುತ್ತವೆ. ಹೊಗೆಯ ಕೊಳವೆಯೂ ಅಷ್ಟೇ. ಪುಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಅವಳ ಷೂ ಕಟ್ಟುತ್ತಿದ್ದಾಗ ಒಂದು ವಾಹನ ನನ್ನ ಮೋರೆಗೇ ಹೊಗೆ ಬಿಟ್ಟುಹೋಯಿತು. ಅವಳು ದಿನವೂ ಉಸಿರಾಡುವ ಗಾಳಿ ಯಾವುದೆಂದು ಅಂದು ತಿಳಿಯಿತು.

ಈ ನಗರದಲ್ಲಿ ನೋಂದಾಯಿತ ವಾಹನಗಳು ಒಂದು ಕೋಟಿಯನ್ನು ದಾಟಿವೆ. ಅವೆಲ್ಲ ಓಡುವಾಗ ರಸ್ತೆ ಬೇಕು. ನಿಂತಾಗಲೂ ಜಾಗ ಬೇಕು. ಹಳೆಯ ಬಡಾವಣೆಗಳಲ್ಲಿ ಅವು ನಿಲ್ಲುವುದು ಮನೆಯ ಮುಂದೆ, ಎರಡು ಗಾಲಿ ರಸ್ತೆಯಲ್ಲಿ, ಎರಡು ಗಾಲಿ ಫುಟ್‌ಪಾತಿನ ಮೇಲೆ. ನಮ್ಮ ಎದುರುಮನೆಯ ಹಿರಿಯರ ಕಾರೂ ಹಾಗೆಯೇ ನಿಂತಿರುತ್ತಿತ್ತು. ಅಲ್ಲಿಗೆ ಬಂದಾಗಲೆಲ್ಲ ನಾವು ಮೂವರೂ ಫುಟ್‌ಪಾತಿನಿಂದ ಇಳಿದು, ಬೆನ್ನ ಹಿಂದೆ ಬರುವ ವಾಹನಗಳ ಸದ್ದಿಗೆ ಕಿವಿಗೊಟ್ಟು, ಕಾರನ್ನು ಬಳಸಿ, ಮತ್ತೆ ಹತ್ತಬೇಕು. ಇದರ ಮಾತು ಮುಂದೆ ಬರುತ್ತದೆ. ಈಗ ಅಷ್ಟನ್ನು ನೆನಪಿಟ್ಟುಕೊಂಡರೆ ಸಾಕು.

ನ್ಯಾಯವಾಗಿ ಹೇಳಬೇಕಾದರೆ ಎಲ್ಲ ಕಡೆಯೂ ಹೀಗಿಲ್ಲ. ಟೆಂಡರ್ ಶ್ಯೂರ್ ಎಂಬ ಯೋಜನೆಯಲ್ಲಿ ಹೊಸದಾಗಿ ಕಟ್ಟಿದ ನಗರಮಧ್ಯದ ಕೆಲವು ರಸ್ತೆಗಳಲ್ಲಿ ಪೈಪು, ತಂತಿಗಳೆಲ್ಲ ನೆಲದಡಿಗೆ ಹೋಗಿ, ಮೇಲೆ ಅಗಲವಾದ ಸಮತಟ್ಟು ಹಾದಿ ಬಂದಿದೆ. ಅಲ್ಲಿ ನಾವು ನಾಲ್ವರೂ ಒಂದೇ ಸಾಲಿನಲ್ಲಿ ನಡೆಯಬಹುದು. ಮಾಡಿದರೆ ಆಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಚೀಟಿಯ ಜಗಳ

ನನ್ನ ತವರುಮನೆಗೆ ಹೋಗಲು ಬಸ್ಸೇ ಗತಿ. ಬೆಂಗಳೂರಿನ ಬಸ್ಸಿನ ವಂಶಾವಳಿ ದೊಡ್ಡದು. 1940ರಲ್ಲಿ ಒಂದು ಖಾಸಗಿ ಕಂಪನಿಯಾಗಿ ಆರಂಭವಾಯಿತು. 1956ರಲ್ಲಿ ಸರಕಾರ ವಹಿಸಿಕೊಂಡು ಬಿ.ಟಿ.ಎಸ್. ಆಯಿತು, 1997ರಲ್ಲಿ ಬಿ.ಎಂ.ಟಿ.ಸಿ. ಆಯಿತು. ನಮ್ಮ ಅತ್ತೆಯವರ ಬಾಯಲ್ಲಿ ಅದಿನ್ನೂ ಬಿ.ಟಿ.ಎಸ್. ಬಸ್ಸೇ. ಕೆಂಪು ಡಬಲ್ ಡೆಕ್ಕರಿನ ಮಹಡಿಯಲ್ಲಿ, ಮುಂದಿನ ಕಿಟಕಿಗೆ ಮೂಗೊತ್ತಿ ಕುಳಿತು ಬೆಳೆದ ಹುಡುಗನೇ ನಮ್ಮ ಯಜಮಾನರು. "ಬಸ್ಸಿಗೆ ಕಾಯೋದರಲ್ಲೇ ನಾನು ಇವರಿಗೆಲ್ಲ ಮಗ್ಗಿ ಬಾಯಿಪಾಠ ಮಾಡಿಸಿದ್ದು" ಎಂದು ಅತ್ತೆಯವರು ಹೇಳುವುದುಂಟು.

ಹಳೆಯ ಬಸ್ಸಿನ ಮೊದಲನೆಯ ಮೆಟ್ಟಿಲು ಪುಟ್ಟಿಯ ಸೊಂಟಕ್ಕೂ ಮೇಲೆ. ಅವಳನ್ನು ಮೂಟೆಯಂತೆ ಎತ್ತಿ ಒಳಗಿಟ್ಟು, ಹಿಂದೆಯೇ ನಾನು ಹತ್ತುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಈಚೆಗೆ ಬಂದಿರುವ ತಗ್ಗು ನೆಲದ ವಿದ್ಯುತ್ ಬಸ್ಸುಗಳಲ್ಲಿ ಈ ಕಷ್ಟವಿಲ್ಲ. ಅವಳೇ ಕಾಲಿಟ್ಟು ಹತ್ತಿ, ಹತ್ತಿದೆನೆಂದು ಎಲ್ಲರಿಗೂ ಸಾರುತ್ತಾಳೆ. ಕೂರಲು ಜಾಗವಿಲ್ಲದಿದ್ದರೆ ಯಾರಾದರೊಬ್ಬ ಅಪರಿಚಿತ ಹೆಂಗಸು ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾಳೆ. ಏಳು ವರ್ಷಗಳಲ್ಲಿ ಹೀಗೆ ಎಷ್ಟು ಮಂದಿಯ ತೊಡೆಯ ಮೇಲೆ ನನ್ನ ಮಕ್ಕಳು ಕುಳಿತಿದ್ದಾರೋ ಲೆಕ್ಕವಿಟ್ಟಿಲ್ಲ. ಹೆಸರು ಕೇಳುವ ಹೊತ್ತಿಗೆ ಅವರ ನಿಲ್ದಾಣ ಬಂದಿರುತ್ತದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆಯಿತು. ಇದರಿಂದ ತಿಂಗಳ ಖರ್ಚು ಇಳಿದದ್ದು ನಿಜ. ಮನೆಯಲ್ಲೊಂದು ಜಗಳ ಹುಟ್ಟಿದ್ದೂ ನಿಜ. ನನಗೆ ಶೂನ್ಯ ದರದ ಚೀಟಿ. ಅವರಿಗೆ ಪೂರ್ತಿ ಚೀಟಿ. ಆರು ತುಂಬಿದ ಪುಟ್ಟನಿಗೆ ಅರ್ಧ ಚೀಟಿ. ಪುಟ್ಟಿ ಸಣ್ಣವಳಾದ್ದರಿಂದ ಚೀಟಿಯೇ ಇಲ್ಲ. "ಎಲ್ಲರಿಗೂ ಉಂಟು, ನನಗೇಕಿಲ್ಲ?" ಎಂದು ಅವಳು ಒಂದು ದಿನ ಬಸ್ಸೆಲ್ಲ ಕೇಳುವಂತೆ ಅತ್ತಳು. ಕಂಡಕ್ಟರು ಹಿಂದಿರುಗಿ ಬಂದು, ಯಂತ್ರದಿಂದ ಬರಿಯ ಕಾಗದದ ತುಂಡೊಂದನ್ನು ಹರಿದು, "ತಗೊಳವ್ವ, ನಿಂದು ಸ್ಪೆಷಲ್ ಟಿಕೆಟ್ಟು" ಎಂದು ಕೊಟ್ಟರು. ಏನೂ ಅಚ್ಚಾಗಿರದ ಆ ಚೀಟಿ ಇಂದಿಗೂ ಅವಳ ಬಳೆಯ ಡಬ್ಬಿಯಲ್ಲಿದೆ.

ಕತ್ತಲೆಗಿಳಿಯುವ ರೈಲು

ಇರಲಿ, ನಮ್ಮ ಭಾನುವಾರಕ್ಕೆ ಮರಳೋಣ. ಕ್ರಾಸುಗಳನ್ನು ಎಣಿಸುತ್ತ ಸಂಪಿಗೆ ರಸ್ತೆಯ ತುದಿಗೆ ಬಂದರೆ ಮೆಟ್ರೋ ನಿಲ್ದಾಣ. ಬೆಂಗಳೂರಿನ ಮೊದಲನೆಯ ಮೆಟ್ರೋ ಓಡಿದ್ದು 2011ರ ಅಕ್ಟೋಬರಿನಲ್ಲಿ, ಬೈಯಪ್ಪನಹಳ್ಳಿಗೂ ಮಹಾತ್ಮಾ ಗಾಂಧಿ ರಸ್ತೆಗೂ ನಡುವೆ. ನಮ್ಮ ಸಂಪಿಗೆ ರಸ್ತೆಗೆ ಅದು ಬಂದದ್ದು 2014ರಲ್ಲಿ. ಇಲ್ಲಿಂದ ಮೆಜೆಸ್ಟಿಕ್ಕಿಗೆ ಕೂಡಿಕೊಂಡದ್ದು 2017ರಲ್ಲಿ. 2025ರ ಫೆಬ್ರವರಿಯಲ್ಲಿ ದರ ಏರಿ, ಕಡಮೆಯೆಂದರೆ 10 ರೂಪಾಯಿ, ಹೆಚ್ಚೆಂದರೆ 90 ರೂಪಾಯಿ ಎಂದಾದ ಮೇಲೆ ನಾವೂ ತಿಂಗಳ ಲೆಕ್ಕ ನೋಡಿಯೇ ಹತ್ತುತ್ತೇವೆ. ಆದರೂ ಮಕ್ಕಳೊಡನೆ ಹೋಗುವವರಿಗೆ ಇದರಷ್ಟು ನೆಮ್ಮದಿಯ ವಾಹನ ಇನ್ನೊಂದಿಲ್ಲ. ಲಿಫ್ಟು ಇದೆ, ಕಾಲು ತೂರುವ ಮೆಟ್ಟಿಲಿಲ್ಲ, ರೈಲಿನ ನೆಲವೂ ನಿಲ್ದಾಣದ ನೆಲವೂ ಒಂದೇ ಮಟ್ಟ.

ಮೂರಡಿಗಿಂತ ಗಿಡ್ಡವಾದ ಮಗುವಿಗೆ ಮೆಟ್ರೋದಲ್ಲಿ ಟಿಕೆಟ್ಟಿಲ್ಲ. ಬಸ್ಸಿನವರು ವಯಸ್ಸು ಕೇಳಿದರೆ ರೈಲಿನವರು ಎತ್ತರ ನೋಡುತ್ತಾರೆ. ನಮ್ಮ ಮನೆಯ ಬಾಗಿಲುವಾಡದ ಮೇಲೆ ಪೆನ್ಸಿಲಿನಿಂದ ಮೂರಡಿಯ ಗೆರೆ ಹಾಕಿದ್ದೇವೆ. ಪುಟ್ಟಿ ಪ್ರತಿ ಹಬ್ಬದಂದು ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾಳೆ.

ಸಂಪಿಗೆ ರಸ್ತೆಯ ನಿಲ್ದಾಣ ಎತ್ತರದ ಮೇಲಿದೆ. ಅಲ್ಲಿಂದ ಹೊರಟ ರೈಲು ಸ್ವಲ್ಪ ದೂರದಲ್ಲೇ ಇಳಿಜಾರು ಹಿಡಿದು ನೆಲದೊಳಕ್ಕೆ ನುಗ್ಗುತ್ತದೆ. ಆಕಾಶ, ತೆಂಗಿನ ಮರ, ಮಹಡಿಗಳ ಮೇಲೆ ಒಣಗಲು ಹಾಕಿದ ಬಟ್ಟೆ, ಎಲ್ಲವೂ ಇದ್ದಕ್ಕಿದ್ದಂತೆ ಮಾಯವಾಗಿ ಕಿಟಕಿಯಲ್ಲಿ ನಮ್ಮ ಮುಖಗಳೇ ಕಾಣುತ್ತವೆ. ಪುಟ್ಟನು ಪ್ರತಿ ಸಲವೂ ಆ ಗಳಿಗೆಗಾಗಿ ಉಸಿರು ಕಟ್ಟಿ ಕಾಯುತ್ತಾನೆ. ಮೆಜೆಸ್ಟಿಕ್ಕಿನಲ್ಲಿ ಇಳಿದು ನೇರಳೆ ಮಾರ್ಗದ ರೈಲು ಹತ್ತಿದರೆ ಮೂರನೆಯದೇ ಕಬ್ಬನ್ ಪಾರ್ಕ್ ನಿಲ್ದಾಣ. ಮೊದಲನೆಯದಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು, ಎರಡನೆಯದು ವಿಧಾನಸೌಧ. ನೆಲದಡಿಯಲ್ಲಿ ಹೋಗುತ್ತಿದ್ದರೂ ಮೇಲೆ ಏನಿದೆಯೆಂದು ಹೇಳುತ್ತ ಹೋಗುವುದು ತಂದೆಯ ಕೆಲಸ.

1870ರಲ್ಲಿ ರೂಪುಗೊಂಡ ಈ ಉದ್ಯಾನಕ್ಕೆ 1927ರಿಂದ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಹೆಸರಿದ್ದರೂ ಜನರ ನಾಲಿಗೆಯಲ್ಲಿ ಅದು ಕಬ್ಬನ್ ಪಾರ್ಕೇ. ಭಾನುವಾರ ಇದರ ಒಳರಸ್ತೆಗಳಲ್ಲಿ ವಾಹನಗಳಿಗೆ ಪ್ರವೇಶವಿಲ್ಲ. ಓದುಗರೇ, ಈ ಒಂದು ಮಾತಿನ ಬೆಲೆ ತಿಳಿಯಬೇಕಾದರೆ ಎರಡು ಪುಟ್ಟ ಕೈಗಳನ್ನು ಒಂದು ಗಂಟೆಯಿಂದ ಬಿಗಿಯಾಗಿ ಹಿಡಿದು ಬಂದಿರಬೇಕು. ಒಳಗೆ ನಾಲ್ಕು ಹೆಜ್ಜೆ ಇಟ್ಟು ನಾನು ಕೈ ಬಿಡುತ್ತೇನೆ. ಮಕ್ಕಳು ನಡುರಸ್ತೆಯಲ್ಲಿ ಓಡುತ್ತಾರೆ! ವಾರದ ದಿನ ಮೋಟಾರುಗಳು ಭರ್ರೆಂದು ಹೋಗುವ ಟಾರಿನ ಮೇಲೆ ಪುಟ್ಟಿ ಕುಳಿತು ಉದುರಿದ ಕಾಯಿಗಳನ್ನು ಆಯುತ್ತಾಳೆ. ಬಂಡೆಗಳನ್ನು ಹತ್ತುತ್ತಾರೆ, ಜಾರುತ್ತಾರೆ. ಬಿದಿರಿನ ಮೆಳೆಯ ಕೆಳಗೆ ಕುಳಿತು ಹುರಿಗಡಲೆ ತಿನ್ನುತ್ತೇವೆ. ಬಾಲಭವನದ ಪುಟಾಣಿ ರೈಲನ್ನು ನಾನು ಚಿಕ್ಕಂದಿನಲ್ಲಿ ಹತ್ತಿದ ಕಥೆಯನ್ನು ಹೇಳುತ್ತೇನೆ. ಕೆಂಪು ಗೋಡೆಯ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಮುಂದೆ ನಿಂತು, ಅದರೊಳಗೆ ಪುಸ್ತಕಗಳೇ ತುಂಬಿವೆ ಎಂದರೆ ಪುಟ್ಟನಿಗೆ ನಂಬಿಕೆಯಿಲ್ಲ. ಇಷ್ಟು ಚೆಂದದ ಮನೆಯಲ್ಲಿ ರಾಜನೇ ಇರಬೇಕೆಂದು ಅವನ ವಾದ.

ಮರಳುವಾಗ ಪುಟ್ಟಿ ನಿದ್ದೆ ಹೋಗುತ್ತಾಳೆ. ನಿದ್ದೆ ಹೋದ ಮಗುವಿನ ತೂಕ ಎಚ್ಚರದ ಮಗುವಿನ ತೂಕಕ್ಕಿಂತ ಹೆಚ್ಚೆಂಬುದನ್ನು ಯಾವ ತಕ್ಕಡಿಯೂ ಒಪ್ಪಲಿಕ್ಕಿಲ್ಲ. ಹೆಗಲಿಗೆ ಮಾತ್ರ ಗೊತ್ತು. ಆ ಹೊತ್ತಿನಲ್ಲಿ, ಸಂಪಿಗೆ ರಸ್ತೆಯ ಉದ್ದಕ್ಕೂ ಅವಳನ್ನು ಹೊತ್ತು ನಡೆಯುವಾಗ, ಮದುವೆಯ ಮನೆಯ ಬಂಧುಗಳು ಹೇಳಿದ್ದೇ ಸರಿಯೇನೋ ಎಂದು ನನಗೂ ಅನ್ನಿಸಿದ್ದುಂಟು. ಆದರೆ ಅದು ನಿಜವಾಗಿ ಅನ್ನಿಸಿದ್ದು ಬೇರೊಂದು ದಿನ.

ಆ ರಾತ್ರಿ

2022ರ ಆಗಸ್ಟು. ಪುಟ್ಟನಿಗೆ ನಾಲ್ಕು ವರ್ಷ. ಪುಟ್ಟಿ ಇನ್ನೂ ಕೈಗೂಸು. ಯಜಮಾನರು ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದರು. ಸಂಜೆ ಸಣ್ಣಗೆ ನೆಗಡಿಯಾಗಿದ್ದ ಪುಟ್ಟನಿಗೆ ರಾತ್ರಿ ಒಂದೂವರೆಯ ಹೊತ್ತಿಗೆ ನಾಯಿ ಬೊಗಳಿದಂತಹ ಕೆಮ್ಮು ಹಿಡಿಯಿತು. ಉಸಿರು ಒಳಗೆಳೆದಾಗಲೆಲ್ಲ ಗಂಟಲಿನಿಂದ ಕೊರ್ ಎಂಬ ಸದ್ದು. ಕತ್ತಿನ ಕುಳಿ ಒಳಕ್ಕೆ ಸೆಳೆಯುತ್ತಿತ್ತು. ಹೊರಗೆ ಬಿಡದ ಮಳೆ.

ಮೊಬೈಲಿನಲ್ಲಿ ಆಟೋ ಕರೆದೆ. ಒಬ್ಬರು ಒಪ್ಪಿ ಬಿಟ್ಟರು. ಇನ್ನೊಬ್ಬರು ಒಪ್ಪಲೇ ಇಲ್ಲ. ದಿನದ 24 ಗಂಟೆಯೂ ಉಚಿತವಾಗಿ ಬರುವ 108ರ ಆಂಬುಲೆನ್ಸು ಇದೆಯೆಂಬುದು ಆ ಗಾಬರಿಯಲ್ಲಿ ನನಗೂ ಹೊಳೆಯಲಿಲ್ಲ, ಅತ್ತೆಯವರಿಗೂ ಹೊಳೆಯಲಿಲ್ಲ. ಈಗ ಆ ಸಂಖ್ಯೆಯನ್ನು ಅಡುಗೆಮನೆಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇವೆ. ಓದುಗರೂ ಬರೆದಿಟ್ಟುಕೊಳ್ಳುವುದು ಮೇಲು. ಅಂದು ಮಗುವನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು, ಕೊಡೆಯನ್ನೂ ಹಿಡಿಯದೆ ರಸ್ತೆಗೆ ಬಂದೆ. ರಸ್ತೆ ಖಾಲಿಯಾಗಿತ್ತು. ಹಗಲೆಲ್ಲ ದಾಟಲು ಬಿಡದ ಆ ರಸ್ತೆಯಲ್ಲಿ ಒಂದು ವಾಹನವಾದರೂ ಬರಲೆಂದು ನಾನು ದೇವರನ್ನು ಬೇಡಿದೆ.

ಎದುರುಮನೆಯ ದೀಪ ಹತ್ತಿತು. ಹಿರಿಯರು ಪಂಚೆಯ ಮೇಲೊಂದು ಸ್ವೆಟರು ತೊಟ್ಟು ಹೊರಗೆ ಬಂದರು.

"ಯಾಕಮ್ಮ, ಏನಾಯ್ತು?"

ನನಗೆ ಮಾತು ಹೊರಡಲಿಲ್ಲ. ಮಗುವಿನ ಕೆಮ್ಮೇ ಅವರಿಗೆ ಉತ್ತರ ಹೇಳಿತು.

"ನಡಿಯಮ್ಮ, ಮಾತು ಆಮೇಲೆ" ಎಂದು ಒಳಗೆ ಹೋಗಿ ಬೀಗದ ಕೈ ತಂದರು. ಫುಟ್‌ಪಾತಿನ ಮೇಲೆ ಎರಡು ಗಾಲಿ ಏರಿಸಿ ನಿಂತಿದ್ದ, ನಾನು ದಿನವೂ ಮನಸ್ಸಿನಲ್ಲಿ ಶಪಿಸುತ್ತಿದ್ದ ಅದೇ ಕಾರಿನಲ್ಲಿ ಕುಳಿತೆ. ಹತ್ತು ನಿಮಿಷದಲ್ಲಿ ಆಸ್ಪತ್ರೆ ತಲುಪಿದೆವು. ವೈದ್ಯರು ಔಷಧ ಕುಡಿಸಿ, ಮುಖಕ್ಕೆ ನೆಬ್ಯುಲೈಸರಿನ ಮುಸುಕು ಇಟ್ಟರು. ಬೆಳಗಿನ ಜಾವದ ಹೊತ್ತಿಗೆ ಉಸಿರು ಹದಕ್ಕೆ ಬಂದು ಪುಟ್ಟ ಮಲಗಿದ. ಹಿರಿಯರು ಬೆಳಗಾಗುವವರೆಗೂ ಹೊರಗಿನ ಬೆಂಚಿನ ಮೇಲೆ ಕುಳಿತೇ ಇದ್ದರು. ಎಪ್ಪತ್ತು ದಾಟಿದವರು.

ಯಜಮಾನರು ಊರಿನಿಂದ ಬಂದವರೇ, "ಇನ್ನು ಕಾರು ತೆಗೆದುಕೊಳ್ಳೋಣ" ಎಂದರು. ನಾನೂ ಹೂಂ ಎಂದೆ. ಕಂತು ಎಷ್ಟು, ವಿಮೆ ಎಷ್ಟು, ಪೆಟ್ರೋಲು ಎಷ್ಟು ಎಂದು ಕಾಗದ ಹಿಡಿದು ಕುಳಿತೆವು. ಕಂತಿಗೆ ಹೇಗೋ ದಾರಿ ಕಂಡಿತು. ನಿಲ್ಲಿಸಲು ಮಾತ್ರ ನಮ್ಮ ಗೇಟಿನ ಮುಂದಿನ ಫುಟ್‌ಪಾತೇ ಗತಿ ಎಂದಾಯಿತು. ಅಕ್ಕಿ ಆರಿಸುತ್ತ ಕುಳಿತಿದ್ದ ಅತ್ತೆಯವರು ತಲೆಯೆತ್ತದೆ ಒಂದು ಮಾತು ಕೇಳಿದರು:

"ಬೇಕಾದರೆ ತಗೊಳ್ಳಿ, ಬೇಡ ಅನ್ನೋಲ್ಲ. ಆದರೆ ಆ ರಾತ್ರಿ ಬಾಗಿಲಲ್ಲಿ ಕಾರು ನಿಂತಿದ್ದರೂ ಓಡಿಸೋರು ಯಾರಿದ್ದರು? ಅವನು ಹುಬ್ಬಳ್ಳೀಲಿ. ನಿನಗೆ ಬರೋಲ್ಲ. ನನಗಂತೂ ಕೇಳಲೇಬೇಡ."

ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಅಂದು ಮಗುವಿನ ಉಸಿರನ್ನು ಉಳಿಸಿದ್ದು ಒಂದು ಕಾರೇ, ಅನುಮಾನವಿಲ್ಲ; ಅದನ್ನು ಮರೆತು ಕಾರಿನ ಮೇಲೆ ಹರಿಹಾಯುವುದು ಕೃತಘ್ನತೆಯಾದೀತು. ಆದರೆ ಆ ಕಾರಿಗಿಂತ ಮೊದಲು ಎಚ್ಚೆತ್ತದ್ದು ಎದುರುಮನೆಯ ದೀಪ. ಕಾಗದವನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟೆವು. ಹರಿದು ಹಾಕಲಿಲ್ಲ. ಅದು ಇನ್ನೂ ಅಲ್ಲಿಯೇ ಇದೆ.

ಹದಿನಾಲ್ಕು ಹೆಜ್ಜೆ

ಆ ರಾತ್ರಿಯ ನಂತರ ಎದುರುಮನೆಯ ಕಾರಿನ ವಿಷಯ ಬಾಯಿಗೆ ತರುವುದು ನನ್ನಿಂದ ಸಾಧ್ಯವೇ ಇರಲಿಲ್ಲ. ಮಗುವಿಗಾಗಿ ನಡುರಾತ್ರಿ ಎದ್ದು ಬಂದವರಿಗೆ, "ನಿಮ್ಮ ಕಾರನ್ನು ಫುಟ್‌ಪಾತಿನಿಂದ ತೆಗೆಯಿರಿ" ಎನ್ನುವ ನಾಲಿಗೆ ಯಾರಿಗಿದೆ? ಮೂರು ವರ್ಷ ಹಾಗೆಯೇ ಇಳಿದು, ಬಳಸಿ, ಹತ್ತುತ್ತಿದ್ದೆವು. ಪುಟ್ಟಿ ನಡೆಯಲು ಕಲಿತ ಮೇಲೆ ಅವಳೂ ಇಳಿದು, ಬಳಸಿ, ಹತ್ತಲು ಕಲಿತಳು.

2025ರ ಬೇಸಗೆಯ ರಜೆಯಲ್ಲಿ ಒಂದು ಸಂಜೆ, ಒಂದು ಮೋಟರ್ ಸೈಕಲ್ಲು ಆ ಜಾಗದಲ್ಲಿಯೇ ಪುಟ್ಟಿಯ ಲಂಗವನ್ನು ಸವರಿಕೊಂಡು ಹೋಯಿತು. ಏನೂ ಆಗಲಿಲ್ಲ. ನನ್ನ ಕೈ ನಡುಗಿದ್ದು ಮಾತ್ರ ಬಹಳ ಹೊತ್ತು ನಿಲ್ಲಲಿಲ್ಲ. ಹಿರಿಯರು ಗೇಟಿನ ಬಳಿ ಪತ್ರಿಕೆ ಓದುತ್ತ ಕುಳಿತಿದ್ದರು, ಅವರೂ ಕಂಡರು. ನಾನು ಏನೂ ಹೇಳಲಿಲ್ಲ. ಪುಟ್ಟ ನೇರವಾಗಿ ಅವರ ಬಳಿಗೆ ಹೋದ.

"ತಾತಾ, ನಿಮ್ಮ ಕಾರು ಒಳಗೆ ಹಿಡಿಸೋದಿಲ್ವಾ? ಹಿಡಿಸಿದರೆ ನಮ್ಮ ಪುಟ್ಟಿ ಫುಟ್‌ಪಾತಿನ ಮೇಲೇ ಬರಬಹುದು."

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. "ಹಿಡಿಸುತ್ತೋ ಇಲ್ಲವೋ, ನೋಡಬೇಕಪ್ಪ. ಒಳಗೆಲ್ಲ ಹಳೇ ಸಾಮಾನು ತುಂಬಿದೆ" ಎಂದರು. ಅಷ್ಟೇ ಮಾತು.

ಮುಂದಿನ ವಾರ ಹಳೆಯ ಸಾಮಾನು ಕೊಳ್ಳುವವನ ಗಾಡಿ ಅವರ ಮನೆಯ ಮುಂದೆ ಬಹಳ ಹೊತ್ತು ನಿಂತಿತ್ತು. ಮುರಿದ ಮಂಚ, ತುಕ್ಕು ಹಿಡಿದ ಕೂಲರು, ಮಗ ಚಿಕ್ಕಂದಿನಲ್ಲಿ ಓಡಿಸಿದ ಸೈಕಲ್ಲು, ಒಂದೊಂದಾಗಿ ಹೊರಗೆ ಬಂದವು. ಸೈಕಲ್ಲನ್ನು ಮಾತ್ರ ಗಾಡಿಯವನಿಗೆ ಕೊಡದೆ ಪುಟ್ಟನಿಗೆ ಕೊಟ್ಟರು. ಮರುದಿನ ಕಾರು ಒಳಗೆ ಹೋಯಿತು. ಪೂರ್ತಿ ಹೋಗಲಿಲ್ಲ, ಅದರ ಹಿಂಭಾಗ ಇನ್ನೂ ಒಂದು ಗೇಣಿನಷ್ಟು ಗೇಟಿನಿಂದ ಹೊರಗಿದೆ. ಆದರೂ ಫುಟ್‌ಪಾತಿನಲ್ಲಿ ಒಬ್ಬ ದೊಡ್ಡವರೂ ಒಂದು ಮಗುವೂ ಜೊತೆಯಾಗಿ ಹಾಯುವಷ್ಟು ಜಾಗ ಬಿಟ್ಟಿದೆ.

ಆ ವರ್ಷದ ದೀಪಾವಳಿಯಂದು ಬಾಗಿಲುವಾಡಕ್ಕೆ ಬೆನ್ನು ಕೊಟ್ಟು ನಿಂತ ಪುಟ್ಟಿಯ ನೆತ್ತಿ ಪೆನ್ಸಿಲಿನ ಗೆರೆಯನ್ನು ದಾಟಿತ್ತು. ಇನ್ನು ಮೆಟ್ರೋದಲ್ಲಿ ಅವಳಿಗೂ ಟಿಕೆಟ್ಟು! ಖರ್ಚು ಹೆಚ್ಚಿತೆಂದು ತಂದೆ ನಕ್ಕರೆ ಅವಳು ಮನೆಯೆಲ್ಲ ಕುಣಿದಳು. ಬರುವ ಭಾನುವಾರವೇ ಹೊರಡಬೇಕೆಂದು ಹಟ ಹಿಡಿದಳು. ಹೊರಟೆವು.

ಗೇಟು ದಾಟಿ, ರಸ್ತೆ ದಾಟಿ, ಎದುರುಮನೆಯ ಪಕ್ಕಕ್ಕೆ ಬಂದಾಗ ಅವಳು ಹಳೆಯ ರೂಢಿಯಂತೆ ಕೆಳಗಿಳಿಯಲು ಕಾಲು ಚಾಚಿದಳು. ಪುಟ್ಟ ಅವಳ ಭುಜ ಹಿಡಿದು, "ಇಳೀಬೇಡ, ಈಗ ದಾರಿ ಇದೆ" ಎಂದ. ನಾನು ಅವಳ ಕೈ ಬಿಟ್ಟೆ. ಅವಳು ಒಬ್ಬಳೇ ನಡೆದಳು. ಎದುರುಮನೆಯ ಗೋಡೆಯ ಉದ್ದಕ್ಕೂ, ಅವಳ ಕಾಲಿನ ಅಳತೆಯಲ್ಲಿ ಹದಿನಾಲ್ಕು ಹೆಜ್ಜೆ. ಪುಟ್ಟ ಗಟ್ಟಿಯಾಗಿ ಎಣಿಸಿದ. ಹದಿನೈದನೆಯ ಹೆಜ್ಜೆಯಲ್ಲಿ ಇನ್ನೊಂದು ಮನೆಯ ಕಾರು ಫುಟ್‌ಪಾತಿನ ಮೇಲೆ ನಿಂತಿತ್ತು. ಮತ್ತೆ ಕೈ ಹಿಡಿದುಕೊಂಡೆ.